ಮೆಣಸಿಗೆ ಊರ ಹೆಸರು ಬೇಡವೆ?

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳಲ್ಲಿ ಅಡಿಕೆ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿಯೇ ಎಷ್ಟೋ ಸಣ್ಣ ಹಿಡುವಳಿದಾರರ ಸಾಲದ ಕಂತು, ಮಕ್ಕಳ ಶಾಲೆಯ ಫೀಜು. ಸೊರಗು ರೋಗಕ್ಕೆ ತುತ್ತಾಗದೆ ಉಳಿದ ಬಳ್ಳಿಗೆ ಏಣಿ ಹಾಕಿ ಕೊಯ್ದು, ಕಣದಲ್ಲಿ ಒಣಗಿಸಿ, ಮಂಡಿಗೆ ಒಯ್ದವನು ಕೇಳಬೇಕಾದ ಮಾತು ಒಂದೇ: ಹೊರಗಿನ ಮಾಲು ಬಂದಿದೆ, ದರ ಇಳಿದಿದೆ. ಆ ಮಾಲು ಎಲ್ಲಿಯದು, ಯಾವ ಚೀಲದಲ್ಲಿದೆ ಎಂದರೆ ಹೇಳುವವರಿಲ್ಲ.

ಹೇಳದಿರುವುದಕ್ಕೆ ಕಾರಣವಿದೆ. ಭಾರತ–ಶ್ರೀಲಂಕಾ ಮುಕ್ತ ವ್ಯಾಪಾರ ಒಪ್ಪಂದಕ್ಕೆ 1998ರಲ್ಲಿ ಸಹಿ ಬಿತ್ತು, 2000ದಲ್ಲಿ ಅದು ಜಾರಿಗೆ ಬಂತು. ಸಿಂಹಳದಲ್ಲಿ ಬೆಳೆದ ಮೆಣಸಿಗೆ ಸುಂಕದ ರಿಯಾಯಿತಿ. ವಿಯೆಟ್ನಾಮಿನದಕ್ಕೆ ಭಾರಿ ಸುಂಕ. ಹೀಗಿರುವಾಗ ವಿಯೆಟ್ನಾಂ ಮೆಣಸು ಕೊಲಂಬೊದಲ್ಲಿ ಇಳಿದು, ಸಿಂಹಳದ ಮೂಲಪತ್ರ ಹೊತ್ತು ಇಲ್ಲಿಗೆ ಬರುತ್ತದೆಂಬುದು ಬೆಳೆಗಾರರ ಬಹುದಿನದ ದೂರು. 2017ರಲ್ಲಿ ಗೋಣಿಕೊಪ್ಪಲಿನ ಕೃಷಿ ಮಾರುಕಟ್ಟೆಯಲ್ಲೇ ವಿಯೆಟ್ನಾಂ ಮೆಣಸು ಬೆರೆಸಿದ ಆರೋಪ ಎದ್ದು ಕೊಡಗಿನ ರೈತರು ಬೀದಿಗಿಳಿದರು. ಅದೇ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಆಮದು ಮೆಣಸಿಗೆ ಕಿಲೋಗೆ 500 ರೂಪಾಯಿ ಕನಿಷ್ಠ ದರ ಗೊತ್ತುಮಾಡಿತು. 2020ರಲ್ಲಿ ಮೂಲಪತ್ರದ ಸಾಚಾತನಕ್ಕೆ ಆಮದುದಾರನನ್ನೇ ಹೊಣೆಮಾಡುವ ಸುಂಕದ ನಿಯಮಗಳು ಬಂದವು. ಒಳ್ಳೆಯದೇ. ಆದರೆ ಇವೆಲ್ಲ ಬಂದರಿನ ಬಾಗಿಲಿನ ಕಾವಲು. ಬಾಗಿಲು ದಾಟಿದ ಮೇಲೆ ಮೆಣಸಿಗೆ ಕುಲವೂ ಇಲ್ಲ, ಗೋತ್ರವೂ ಇಲ್ಲ.

ಪೊಟ್ಟಣದ ಸರಕಿನ ಕಾನೂನು ನೋಡಿ. ಆಮದಾದ ಪೊಟ್ಟಣದ ಮೇಲೆ ಮೂಲದೇಶದ ಹೆಸರು ಇರತಕ್ಕದ್ದೆಂದು 2018ರ ಜನವರಿಯಿಂದ ನಿಯಮವಿದೆ. ಪೊಟ್ಟಣವಾಗಿಯೇ ಬಂದ ಬಿಸ್ಕತ್ತಿಗೆ, ಸಾಬೂನಿಗೆ ಇದು ಸಾಕು. ಮೆಣಸು ಬರುವುದು ಮೂಟೆಯಲ್ಲಿ. ಇಲ್ಲಿ ಬಿಚ್ಚಿ, ಜರಡಿ ಹಿಡಿದು, ಊರ ಮೆಣಸಿನೊಂದಿಗೆ ಕಲಸಿ, ಪುಡಿ ಮಾಡಿ ಪೊಟ್ಟಣ ಕಟ್ಟಿದರೆ ಅದರ ಮೇಲೆ ಕಾಣುವುದು ಕಟ್ಟಿದವನ ವಿಳಾಸವೇ ಹೊರತು ಬೆಳೆದ ನೆಲದ ಹೆಸರಲ್ಲ. ಬೇರೆ ದೇಶದಲ್ಲಿ ಸಂಸ್ಕರಣೆಯಾಗಿ ಆಹಾರದ ಸ್ವರೂಪವೇ ಬದಲಾದರೆ ಆ ದೇಶವನ್ನೇ ಮೂಲವೆಂದು ಎಣಿಸಬೇಕೆಂದು ಆಹಾರ ಸುರಕ್ಷಾ ನಿಯಮ ಹೇಳುತ್ತದೆ. ಕಾಳನ್ನು ಬೀಸಿದ ಮಾತ್ರಕ್ಕೆ ಅದು ಮೆಣಸಲ್ಲದೆ ಮತ್ತೇನಾದೀತು? ನೆಲ ಬದಲಾಗುವುದಂತೂ ಇಲ್ಲ.

ಈ ವಿಷಯದಲ್ಲಿ ನಮ್ಮವರೂ ಪೂರಾ ಸಾಚಾಗಳಲ್ಲ. ಮಲೆನಾಡಿನ ದಪ್ಪ ಕಾಳು ಲೋಕದ ಪೇಟೆಯಲ್ಲಿ ‘ತಲಶ್ಶೇರಿ’ ಎಂಬ ದರ್ಜೆಯ ಹೆಸರಿನಲ್ಲಿ ಬಿಕರಿಯಾಗುವುದು ಹಳೆಯ ರೂಢಿ. ಕೊಪ್ಪದ ಹೆಸರು ಯಾವ ಗೋಣಿಯ ಮೇಲೂ ಹೋಗಲಿಲ್ಲ. ಅದಕ್ಕಾಗಿ ನಾವು ಯಾರೂ ಜಗಳಾಡಲೂ ಇಲ್ಲ. ಬ್ರಿಟಿಷರು 1887ರಲ್ಲಿ ಜರ್ಮನಿಯ ಅಗ್ಗದ ಸರಕಿಗೆ ಕಳಂಕ ಹಚ್ಚಲೆಂದು ಮೂಲದೇಶದ ಗುರುತಿನ ಕಾನೂನು ತಂದರು. ಕೆಲವೇ ವರ್ಷಗಳಲ್ಲಿ ಆ ಗುರುತೇ ಜರ್ಮನ್ ಕುಶಲತೆಯ ಹೆಗ್ಗುರುತಾಯಿತು! ಹೆಸರು ಬರೆಸಿಕೊಂಡವನು ಕೆಡಲಿಲ್ಲ.

ವಿಯೆಟ್ನಾಮಿನ ಉಳುವವನ ಮೇಲೆ ನಮಗೆ ಹಗೆಯಿಲ್ಲ. ಅವನೂ ಬಿಸಿಲಿನಲ್ಲಿ ಬೆವರು ಸುರಿಸಿ, ದಲ್ಲಾಳಿ ಹೇಳಿದ ದರಕ್ಕೆ ತಲೆಬಾಗುವವನೇ. ಅವನ ಮೆಣಸು ಅವನ ದೇಶದ ಹೆಸರಿನಲ್ಲಿ ಬರಲಿ, ಕೊಳ್ಳುವವರು ತಿಳಿದು ಕೊಳ್ಳಲಿ. ಹೆಸರು ಅಳಿಸಿದಾಗ ಲಾಭವಾಗುವುದು ಅವನಿಗೂ ಅಲ್ಲ, ಬೆಂಗಳೂರಿನಲ್ಲಿ ಮಲೆನಾಡಿನದೆಂದು ಹೆಚ್ಚು ಹಣ ಕೊಟ್ಟ ಗೃಹಿಣಿಗೂ ಅಲ್ಲ. ನಡುವೆ ನಿಂತು ಎರಡು ಮೂಟೆಯನ್ನು ಒಂದು ಮಾಡಿದವನಿಗೆ.

ಆದ್ದರಿಂದ ಆಮದು ಮೂಟೆಯ ಮೂಲ ಬಂದರಿನಿಂದ ಅಂಗಡಿಯವರೆಗೂ ಪಟ್ಟಿಯಲ್ಲಿ ನಮೂದಾಗುತ್ತ ಬರಬೇಕು. ಬೆರಕೆಯಾದರೆ ಯಾವ ದೇಶದ್ದು ಎಷ್ಟು ಪಾಲೆಂದು ಪೊಟ್ಟಣದ ಮುಂಬದಿಯಲ್ಲೇ, ಕನ್ನಡದಲ್ಲೂ ಅಚ್ಚಾಗಬೇಕು. ಮಾರುಕಟ್ಟೆ ಸಮಿತಿಗಳು ಆಮದು ಮಾಲಿಗೆ ಬೇರೆ ರಾಶಿ, ಬೇರೆ ಪುಸ್ತಕ ಇಡಬೇಕು. ಇದಕ್ಕೆ ದಿಲ್ಲಿಯಿಂದ ತಿದ್ದುಪಡಿ ಬರುವವರೆಗೆ ಕಾಯಬೇಕಾಗಿಲ್ಲ. ನಮ್ಮ ತಾಲ್ಲೂಕುಗಳ ಸಹಕಾರ ಸಂಘಗಳು ತಾವು ಕಟ್ಟುವ ಮೆಣಸಿನ ಮೇಲೆ ಬೆಳೆದ ಊರಿನ ಹೆಸರನ್ನು ಈ ಕೊಯ್ಲಿನಿಂದಲೇ ಅಚ್ಚು ಹಾಕಿಸಬಹುದು.