ಲೈಬ್ರರಿ ಹಡಗಿನಂತೆ ಕಾಣಬೇಕಿಲ್ಲ, ರಂಪಣಿಯಂತೆ ನಡೆಯಲಿ

ಕರಾವಳಿಯ ಪರಂಪರೆ ಸಾರುವ ಆಧುನಿಕ ಸಾರ್ವಜನಿಕ ಲೈಬ್ರರಿ ಅಂದಕೂಡಲೇ ನಮ್ಮ ತಲೆಗೆ ಬರೋದೇನು? ಹಡಗಿನ ಮೂತಿಯಂಥ ಗಾಜಿನ ಮುಂಭಾಗ, ಅಲೆಯಾಕಾರದ ಚಾವಣಿ, ಎದುರಿಗೊಂದು ಸೆಲ್ಫಿ ಪಾಯಿಂಟ್. ನೋಡುವುದಕ್ಕೆಂದೇ ಕಟ್ಟಿದರೆ ಏನಾಗುತ್ತೆ ಅಂತ ಕಾರ್ಕಳದವರಿಗೆ ಹೇಳಿಕೊಡಬೇಕಿಲ್ಲ. ಬೈಲೂರಿನ ಉಮಿಕ್ಕಳ ಬೆಟ್ಟದ ಪರಶುರಾಮ ಥೀಮ್ ಪಾರ್ಕ್ ಉದ್ಘಾಟನೆಯಾದದ್ದು 2023ರ ಜನವರಿಯಲ್ಲಿ. ಅದೇ ವರ್ಷ ಮೂರ್ತಿ ಕಂಚಿನದ್ದು ಹೌದೋ ಅಲ್ಲವೋ ಎಂಬ ವಿವಾದ ಎದ್ದು, ತನಿಖೆಯ ತನಕ ಹೋಯಿತು.

ಹಾಗಂತ ಕಾರ್ಕಳಕ್ಕೂ ಕಡಲಿಗೂ ನಂಟಿಲ್ಲ ಅಂತಲ್ಲ. ಘಟ್ಟದ ಕಾಳುಮೆಣಸು, ಬಯಲಿನ ಅಕ್ಕಿ ಬಾರ್ಕೂರು, ಬಸ್ರೂರಿನಂಥ ರೇವುಗಳಿಂದ ಹಡಗು ಹತ್ತುತ್ತಿದ್ದ ಕಾಲದಲ್ಲೇ ಇಲ್ಲಿ 1432ರಲ್ಲಿ ಗೊಮ್ಮಟ ನಿಂತದ್ದು, 1586ರಲ್ಲಿ ಚತುರ್ಮುಖ ಬಸದಿ ಎದ್ದದ್ದು.

ಆದರೆ ಕಡಲಿನಿಂದ ಲೈಬ್ರರಿ ಕಲಿಯಬೇಕಾದ ಪಾಠ ನನ್ನ ಪ್ರಕಾರ ರಂಪಣಿಯದ್ದು. ಊರ ಮಂದಿ ಸೇರಿ ದಡದಿಂದ ಎಳೆಯುತ್ತಿದ್ದ ದೊಡ್ಡ ಬಲೆ ಅದು. ಬಲೆಗೆ, ದೋಣಿಗೆ, ದುಡಿದವರಿಗೆ ಅಂತ ಪಾಲು ಇರುತ್ತಿತ್ತು. 1970ರ ದಶಕದ ಕೊನೆಗೆ ಪರ್ಸೀನ್ ಬೋಟುಗಳು ಬಂದವು. ರಂಪಣಿ ಮೂಲೆ ಸೇರಿತು, ಮೀನು ಬಂಡವಾಳ ಇದ್ದವರ ಪಾಲಾಯಿತು. ಓದಿನ ಕಥೆಯೂ ಈಗ ಹಾಗೇ. ಸ್ಪರ್ಧಾತ್ಮಕ ಪರೀಕ್ಷೆಗೆ ಕೂರುವವರು ತಿಂಗಳ ಫೀಸು ಕೊಟ್ಟು ಖಾಸಗಿ ರೀಡಿಂಗ್ ರೂಮ್ ಹುಡುಕುತ್ತಾರೆ. ಕೊಡಲಾಗದವರು ಎಲ್ಲಿ ಕೂರಬೇಕು?

ಎಂಜಿನಿಯರಿಂಗ್ ಓದಿ ಬಂದ ನನಗೆ ಕಟ್ಟಡ ಅಂದರೆ ಮೊದಲ ಪ್ರಶ್ನೆ ಮಳೆ. ವರ್ಷಕ್ಕೆ 4,000 ಮಿ.ಮೀ.ಗೂ ಮಿಕ್ಕಿ ಸುರಿಯುವ ಊರಿದು. ಗಾಳಿಯ ತೇವಾಂಶ ಬಹುಕಾಲ ಶೇ. 65 ದಾಟಿ ನಿಂತರೆ ಪುಸ್ತಕಕ್ಕೆ ಬೂಷ್ಟು ಹಿಡಿಯುತ್ತದೆ. ಇಲ್ಲಿ ಗಾಜಿನ ಪೆಟ್ಟಿಗೆ ಕಟ್ಟಿದರೆ ಎಸಿ ಬಿಲ್ ಯಾರು ಕಟ್ತಾರೆ? ಇಳಿಜಾರು ಮಾಡು, ಅಗಲ ಜಗಲಿ, ಎದುರುಬದುರು ಕಿಟಕಿ, ಗೋಡೆಗೆ ತಾಗದ ಕಪಾಟು ಸಾಕು. ಹಳೆಯ, ಅಪರೂಪದ ಪುಸ್ತಕಗಳಿಗೆ ಮಾತ್ರ ತೇವ ತೆಗೆಯುವ ಯಂತ್ರವಿರುವ ಸಣ್ಣ ಕೋಣೆ ಇರಲಿ.

ದುಡ್ಡು? 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಡಿ ಆಸ್ತಿ ತೆರಿಗೆಯ ಮೇಲೆ ಶೇ. 6ರಷ್ಟು ಗ್ರಂಥಾಲಯ ಸೆಸ್ ಇದೆ. ಬೆಂಗಳೂರಿನಲ್ಲಿ ಪಾಲಿಕೆ ಹೀಗೆ ಸಂಗ್ರಹಿಸಿಯೂ ಇಲಾಖೆಗೆ ಕೊಡದೆ ಉಳಿಸಿಕೊಂಡ ಬಾಕಿ ನೂರಾರು ಕೋಟಿ. ಬಲೆ ಎಳೆದವರು ನಾವು, ಪಾಲು ಮಾತ್ರ ದಡಕ್ಕೆ ಬಂದಿಲ್ಲ.

ಹೆಲ್ಸಿಂಕಿಯಲ್ಲಿ 2018ರಲ್ಲಿ ತೆರೆದ 'ಓಡಿ' ಲೈಬ್ರರಿಗೂ ಅಲೆಯಾಕಾರದ ಚಾವಣಿ ಇದೆ. ಆದರೆ ಕಟ್ಟುವ ಮೊದಲು ಏನು ಬೇಕು ಅಂತ ಊರವರನ್ನೇ ಕೇಳಿದ್ದರು. ಒಳಗೆ ಪುಸ್ತಕದ ಜೊತೆ ಹೊಲಿಗೆ ಯಂತ್ರ, 3ಡಿ ಪ್ರಿಂಟರ್ ಕೂಡ ಇವೆ.

ಹಾಗಾಗಿ ನಮ್ಮೂರಲ್ಲಿ ಯಾರಾದರೂ ಇಂಥದ್ದೊಂದು ನಕ್ಷೆ ತಂದರೆ ಚಾವಣಿಯ ಚಂದಕ್ಕೆ ಮರುಳಾಗುವ ಮೊದಲು ಕೇಳಿ: ರಾತ್ರಿ ಎಷ್ಟು ಗಂಟೆವರೆಗೆ ಬಾಗಿಲು ತೆರೆದಿರುತ್ತೆ? ಕಾಯಂ ಗ್ರಂಥಪಾಲಕರು ಎಷ್ಟು ಮಂದಿ? ನಮ್ಮ ಸೆಸ್ ಎಲ್ಲಿ? ಇವಕ್ಕೆ ಉತ್ತರ ಲಿಖಿತವಾಗಿ ಬಂದ ಮೇಲೆ ಅಲೆ ಬೇಕಾ, ಹಡಗು ಬೇಕಾ ಅಂತ ಚರ್ಚೆ ಮಾಡೋಣ.