ರೋಗಿಯನ್ನು ದೆವ್ವ ಮಾಡಿದ ಸಿನಿಮಾ

ದೆವ್ವದ ಸಿನಿಮಾಕ್ಕೆ ಕೂತವನು ಹೆದರದೆ ಎದ್ದು ಬಂದರೆ ಲೋಕವೇನೂ ಮುಳುಗುವುದಿಲ್ಲ. ಎರಡು ಗಂಟೆ ದಂಡವಾಯಿತೆಂದು ಗೊಣಗಿ ಒಂದು ಚಹಾ ಕುಡಿದರೆ ಮುಗಿಯಿತು. ಮೊನ್ನೆ ಹಾಸ್ಟೆಲಿನ ಕೋಣೆಯಲ್ಲಿ, ಮರಾಠಿ ಗೆಳೆಯನ ಕಂಪ್ಯೂಟರಿನಲ್ಲಿ ‘ಚೆರ್ನೋಬಿಲ್ ಡೈರೀಸ್’ ನೋಡಿದಾಗ ಮಾತ್ರ ಚಹಾದಿಂದ ಹೋಗದ ಸಿಟ್ಟು ಬಂತು. ಅದು ಯಾಕೆ ಬಂತೆಂದು ಹೇಳುವುದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ.

ಚಿತ್ರ 2012ರದು. ನಿರ್ದೇಶಕ ಬ್ರಾಡ್ಲಿ ಪಾರ್ಕರ್. ಕಥೆ ‘ಪ್ಯಾರಾನಾರ್ಮಲ್ ಆಕ್ಟಿವಿಟಿ’ಯಿಂದ ಹೆಸರಾದ ಓರೆನ್ ಪೆಲಿಯದು. ಆರು ಮಂದಿ ಹುಡುಗ ಹುಡುಗಿಯರು ಒಬ್ಬ ಗೈಡನ್ನು ಹಿಡಿದು ಪ್ರಿಪ್ಯಾತ್ ಎಂಬ ಖಾಲಿ ಊರು ನೋಡಲು ಹೋಗುತ್ತಾರೆ. ಆ ಊರು ಖಾಲಿಯಾದ ಕಥೆ ನಮಗೆ ಗೊತ್ತು. 1986ರ ಏಪ್ರಿಲ್ 26ರಂದು ಪಕ್ಕದ ಚೆರ್ನೋಬಿಲ್ ಅಣು ಸ್ಥಾವರದ ನಾಲ್ಕನೆಯ ರಿಯಾಕ್ಟರ್ ಸ್ಫೋಟಿಸಿತು. ಮರುದಿನ ಮಧ್ಯಾಹ್ನ ಸುಮಾರು 50 ಸಾವಿರ ಜನರನ್ನು ಬಸ್ಸುಗಳಲ್ಲಿ ತುಂಬಿ ಸಾಗಿಸಿದರು. ಮೂರು ದಿನಕ್ಕೆ ಬೇಕಾದಷ್ಟು ಸಾಮಾನು ಸಾಕು ಎಂದಿದ್ದರಂತೆ. ಆ ಮೂರು ದಿನ ಇನ್ನೂ ಮುಗಿದಿಲ್ಲ.

ಮೊದಲ ಅರ್ಧ ಗಂಟೆ ಚೆನ್ನಾಗಿಯೇ ಇದೆ, ಸುಳ್ಳು ಯಾಕೆ ಹೇಳಲಿ. ಚಿತ್ರೀಕರಣ ನಡೆದದ್ದು ಹಂಗೆರಿ, ಸೆರ್ಬಿಯಾಗಳಲ್ಲಿ. ಆದರೂ ಆ ಖಾಲಿ ಮನೆಗಳಲ್ಲಿ ಬಿಟ್ಟುಹೋದ ಸಾಮಾನು ಕಂಡಾಗ ಹೊಟ್ಟೆಯಲ್ಲಿ ಏನೋ ಕದಡುತ್ತದೆ. ಆಮೇಲೆ ವ್ಯಾನು ಕೆಡುತ್ತದೆ, ಕತ್ತಲಾಗುತ್ತದೆ, ಕತ್ತಲಲ್ಲಿ ಯಾರೋ ಅಟ್ಟಿಸಿಕೊಂಡು ಬರುತ್ತಾರೆ. ಅಲ್ಲಿಂದ ಮುಂದೆ ಬರೀ ಓಟ, ಬರೀ ಕಿರುಚಾಟ. ಅಟ್ಟಿಸಿಕೊಂಡು ಬಂದವರು ಯಾರು? ವಿಕಿರಣದಿಂದ ಮೈ ಮುಖ ಕೆಟ್ಟ ಮನುಷ್ಯರು. ಅವರು ತಪ್ಪಿಸಿಕೊಂಡ ರೋಗಿಗಳು ಎಂದು ಕೊನೆಗೆ ಡಾಕ್ಟರುಗಳ ಬಾಯಿಂದಲೇ ಗೊತ್ತಾಗುತ್ತದೆ. ಅಂದರೆ ನಾವು ಅಷ್ಟು ಹೊತ್ತು ಹೆದರಿದ್ದು ರೋಗಿಗಳಿಗೆ! ಇಷ್ಟು ದೊಡ್ಡ ಮಾತನ್ನು ಸಿನಿಮಾ ಕೊನೆಯ ತಿರುವಾಗಿ ಎಸೆದು ಮನೆಗೆ ಹೋಗುತ್ತದೆ. ರಿಯಾಕ್ಟರು ಯಾಕೆ ಸಿಡಿಯಿತು, ಯಾರು ಸುಳ್ಳು ಹೇಳಿದರು, ಒಂದು ಮಾತಿಲ್ಲ.

“ಸಿನಿಮಾ ಅಷ್ಟೇ ಅಲ್ವಾ ಮಾರಾಯ, ಯಾಕಿಷ್ಟು ತಲೆ ಕೆಡಿಸ್ಕೊಳ್ತಿ?” ಎಂದು ಕೇಳುವವರಿದ್ದಾರೆ. ನನ್ನ ಅಜ್ಜಿಮನೆ ಕಾಸರಗೋಡಿನ ಎಣ್ಮಕಜೆ ಕಡೆ. ಅಲ್ಲಿಯ ಗೇರು ತೋಟಗಳ ಮೇಲೆ ಇಪ್ಪತ್ತಕ್ಕೂ ಹೆಚ್ಚು ವರ್ಷ, 2000ದವರೆಗೆ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ತೋಟದ ಕೆಳಗೆ ಮನೆ, ಬಾವಿ, ತೋಡು. ತಲೆ ದೊಡ್ಡದಾದ, ಕೈಕಾಲು ಸೊಟ್ಟಗಾದ ಮಕ್ಕಳು ಹುಟ್ಟಿದರು. ಪಡ್ರೆಯ ಜನ ಮೊದಲು ಏನೆಂದರು ಗೊತ್ತೆ? ಜಟಾಧಾರಿ ಭೂತದ ಮುನಿಸು ಎಂದರು! ಭೂತದ ಮೇಲೆ ಹೊರಿಸಿದ್ದರಿಂದ ಹೆಲಿಕಾಪ್ಟರು ವರ್ಷಗಟ್ಟಲೆ ನಿರಾತಂಕವಾಗಿ ಹಾರಿತು. ಊರಿನ ಡಾಕ್ಟರು ವೈ. ಎಸ್. ಮೋಹನಕುಮಾರ್, ಪತ್ರಕರ್ತ ಶ್ರೀ ಪಡ್ರೆ ಅಂಥವರು ಪಟ್ಟುಹಿಡಿದು ಕೇಳಿದ ಮೇಲೆ ಬೆರಳು ಭೂತವನ್ನು ಬಿಟ್ಟು ವಿಷದ ಕಡೆ ತಿರುಗಿತು. ಸುಪ್ರೀಂ ಕೋರ್ಟು ಆ ವಿಷವನ್ನು ತಡೆದದ್ದು 2011ರಲ್ಲಿ. ಆ ಮಕ್ಕಳಲ್ಲಿ ಬದುಕಿ ಉಳಿದವರು ಈಗ ದೊಡ್ಡವರಾಗಿದ್ದಾರೆ. ನಾಳೆ ಯಾರೋ ಕ್ಯಾಮರಾ ಹೊತ್ತು ಬಂದು, ಕತ್ತಲಲ್ಲಿ ಅವರನ್ನು ಪ್ರವಾಸಿಗರ ಹಿಂದೆ ಓಡಿಸಿದರೆ? ಆಗಲೂ “ಸಿನಿಮಾ ಅಷ್ಟೇ” ಅನ್ನುತ್ತೇವೆಯೆ?

ಹಾಗಾದರೆ ದುರಂತದ ಜಾಗದಲ್ಲಿ ಹೆದರಿಕೆಯ ಕಥೆ ಹೇಳಲೇಬಾರದೋ? ಧಾರಾಳವಾಗಿ ಹೇಳಬಹುದು. ಅಂಥದೊಂದನ್ನು ನಾನು ಇದೇ ಪುಣೆಯಲ್ಲಿ ಕೇಳಿದ್ದೇನೆ. ನನ್ನ ಆ ಮರಾಠಿ ಗೆಳೆಯನ ಅಜ್ಜಿ ಗೋಖಲೆನಗರದಲ್ಲಿದ್ದಾರೆ. ಮೊದಲು ಇದ್ದದ್ದು ನದಿಯ ಪಕ್ಕದ ನಾರಾಯಣ ಪೇಟೆಯಲ್ಲಿ. 1961ರ ಜುಲೈ 12ರಂದು ಪಾನ್‌ಶೇತದ ಮಣ್ಣಿನ ಅಣೆಕಟ್ಟು ಒಡೆಯಿತು. ಆ ನೀರಿನ ಹೊಡೆತಕ್ಕೆ ಕೆಳಗಿನ ಖಡಕ್‌ವಾಸಲಾದ ಹಳೆಯ ಕಲ್ಲಿನ ಕಟ್ಟೆಯೂ ಕಿತ್ತುಹೋಗಿ, ಮುಠಾ ನದಿ ಪೇಟೆಗಳೊಳಗೆ ನುಗ್ಗಿತು. ಅಜ್ಜಿ ನೀರು ಎಲ್ಲಿವರೆಗೆ ಬಂದಿತ್ತೆಂದು ಕೈಯೆತ್ತಿ ತೋರಿಸುತ್ತಾರೆ. ಆ ಕೈ ಅವರ ತಲೆಗಿಂತ ಮೇಲೆ ಹೋಗಿ ನಿಲ್ಲುತ್ತದೆ. ಹಿಂದಿನ ರಾತ್ರಿಯಿಡೀ ಜವಾನರು ಕುಸಿಯುತ್ತಿದ್ದ ಕಟ್ಟೆಯ ಮೇಲೆ ಮರಳಿನ ಚೀಲ ಪೇರಿಸುತ್ತಿದ್ದರು, ಊರು ಅದರ ಕೆಳಗೆ ನಿದ್ದೆ ಮಾಡುತ್ತಿತ್ತು. ಇಷ್ಟು ಹೇಳಿ ಅಜ್ಜಿ ಕೇಳಿದರು: “ಕೆಲಸ ಮುಗಿಯೋ ಮುಂಚೆ ನೀರು ಯಾಕೆ ತುಂಬಿಸಿದ್ರು?”

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಜ್ಜಿಯ ಕಥೆಯಲ್ಲಿ ದೆವ್ವ ಇರಲಿಲ್ಲ, ಹಿನ್ನೆಲೆ ಸಂಗೀತ ಇರಲಿಲ್ಲ. ಸತ್ತವರು ಯಾರನ್ನೂ ಅಟ್ಟಿಸಿಕೊಂಡು ಬರಲಿಲ್ಲ. ಉತ್ತರ ಕೊಡಬೇಕಾದವರು ಎಲ್ಲೋ ಇದ್ದರು ಎಂಬುದೊಂದೇ ಹೆದರಿಸಿತು. ಸಿನಿಮಾದಲ್ಲಿ ನಾನು ಹುಡುಕಿದ್ದು ಈ ಹೆದರಿಕೆಯನ್ನು. ಅದು ಚೆರ್ನೋಬಿಲ್‌ನಲ್ಲಿ ರಾಶಿಗಟ್ಟಲೆ ಇದೆ. ಸ್ವೆತ್ಲಾನಾ ಅಲೆಕ್ಸಿಯೇವಿಚ್ ಅಲ್ಲಿಯ ಜನರ ಮಾತು ಕೇಳಿಯೇ ಒಂದು ಪುಸ್ತಕ ಮಾಡಿದರು. 2015ರಲ್ಲಿ ಆಕೆಗೆ ನೊಬೆಲ್ ಬಂತು. ಕೇಳುವ ವ್ಯವಧಾನ ಇಲ್ಲದವನಿಗೆ ಮಾತ್ರ ಬಣ್ಣ ಬಳಿದ ರಾಕ್ಷಸ ಬೇಕಾಗುತ್ತಾನೆ.

ಸಂಘದ ಗೆಳೆಯರಲ್ಲಿ ಒಂದು ಮಾತು. ನಮ್ಮಲ್ಲಿ ಹಲವರು ಹಳೆಯ ಪೇಟೆಗಳಲ್ಲಿ ಬಾಡಿಗೆಗೆ ಇದ್ದೀರಿ. ನಿಮ್ಮ ಮನೆಯೊಡತಿ ಅಜ್ಜಿಯನ್ನು ಒಂದು ಸಂಜೆ ಪಾನ್‌ಶೇತದ ನೀರಿನ ಬಗ್ಗೆ ಕೇಳಿ, ಕೇಳಿದ್ದನ್ನು ಬರೆದು ಮುಂದಿನ ಸಂಚಿಕೆಗೆ ಕೊಡಿ. ಆ ನೀರು ಕಂಡವರು ಇನ್ನೆಷ್ಟು ದಿನ ನಮಗೆ ಹೇಳಲು ಇರುತ್ತಾರೆ?