ತಡೆದಿಟ್ಟ ನ್ಯಾಯವನ್ನು ತಡವಾದ ನ್ಯಾಯವೆನ್ನಬೇಡಿ

ಉರ್ದುವಿನಲ್ಲಿ ಒಂದು ಮಾತಿದೆ: 'ದೇರ್ ಹೈ, ಅಂಧೇರ್ ನಹೀಂ.' ತಡವಾದೀತು, ಆದರೆ ಕತ್ತಲೆ ಕವಿದಿಲ್ಲ ಎಂದು ಅರ್ಥ. ದೇವರ ನ್ಯಾಯದ ಬಗ್ಗೆ, ನೊಂದವರ ಸಮಾಧಾನಕ್ಕೆಂದು ಹಿರಿಯರು ಆಡುತ್ತಾ ಬಂದ ಮಾತಿದು. ಅದನ್ನೇ ಮನುಷ್ಯರು ಕಟ್ಟಿದ ನ್ಯಾಯಾಲಯಗಳಿಗೂ ಅನ್ವಯಿಸಿದರೆ ಏನಾಗುತ್ತದೆ? ರಾಬ್ ರೈನರ್ ನಿರ್ದೇಶನದ 1996ರ ಅಮೆರಿಕನ್ ಚಿತ್ರ 'ಘೋಸ್ಟ್ಸ್ ಆಫ್ ಮಿಸಿಸಿಪ್ಪಿ' ಇದಕ್ಕೊಂದು ಉದಾಹರಣೆ. ಕೊನೆಗೂ ಸತ್ಯ ಗೆದ್ದಿತು ಎಂದು ಈ ಚಿತ್ರವನ್ನು ಮೆಚ್ಚುವವರಿದ್ದಾರೆ. ಗೆಲ್ಲಲು ಮೂವತ್ತು ವರ್ಷ ಏಕೆ ಹಿಡಿಯಿತು ಎಂಬ ಪ್ರಶ್ನೆಯನ್ನು ಮಾತ್ರ ಚಿತ್ರವೂ ಗಟ್ಟಿಯಾಗಿ ಕೇಳುವುದಿಲ್ಲ, ಮೆಚ್ಚಿದವರೂ ಕೇಳುವುದಿಲ್ಲ.

ನಡೆದದ್ದು ಇಷ್ಟು. ಮೆಡ್ಗರ್ ಎವರ್ಸ್ ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಪರ ಹೋರಾಡಿ ಬಂದ ಸೈನಿಕ. ಊರಿಗೆ ಮರಳಿದರೆ ಮತ ಹಾಕುವ ಹಕ್ಕೂ ಇಲ್ಲ. 1954ರಿಂದ ಆತ ಎನ್‌ಎಎಸಿಪಿ ಸಂಘಟನೆಯ ಮಿಸಿಸಿಪ್ಪಿ ಕಾರ್ಯದರ್ಶಿಯಾಗಿ, ಮತದಾರರ ಪಟ್ಟಿಯಲ್ಲಿ ಕಪ್ಪು ಜನರ ಹೆಸರು ಸೇರಿಸಲು ಹಳ್ಳಿ ಹಳ್ಳಿ ತಿರುಗಿದ. 1963ರ ಜೂನ್ 12, ನಡುರಾತ್ರಿ ಕಳೆದಿತ್ತು. ನಾಗರಿಕ ಹಕ್ಕುಗಳ ಕುರಿತು ಅಧ್ಯಕ್ಷ ಕೆನಡಿ ಟಿವಿಯಲ್ಲಿ ಭಾಷಣ ಮಾಡಿ ಕೆಲವೇ ಗಂಟೆಗಳಾಗಿದ್ದವು. ಜಾಕ್ಸನ್ ನಗರದ ತನ್ನ ಮನೆಯಂಗಳದಲ್ಲಿ ಕಾರಿನಿಂದಿಳಿದ ಎವರ್ಸ್‌ನ ಬೆನ್ನಿಗೆ ಗುಂಡು ಬಿತ್ತು. ಅದು ದೇಹವನ್ನು ತೂರಿ ಮನೆಯೊಳಗೂ ನುಗ್ಗಿತು. ಒಳಗೆ ಹೆಂಡತಿ ಮರ್ಲಿ ಮತ್ತು ಮೂವರು ಮಕ್ಕಳು ಎಚ್ಚರವಾಗಿಯೇ ಇದ್ದರು. ಆತನಿಗಾಗ 37 ವರ್ಷ.

ಕೊಂದವನಾರೆಂದು ತಿಳಿಯಲು ಮೂವತ್ತು ವರ್ಷ ಬೇಕಾಗಿರಲಿಲ್ಲ. ಹತ್ತಿರದ ಪೊದೆಯಲ್ಲಿ ರೈಫಲ್ ಸಿಕ್ಕಿತು. ಅದರ ದೂರದರ್ಶಕದ ಮೇಲೆ ಬೈರನ್ ಡಿ ಲಾ ಬೆಕ್ವಿತ್ ಎಂಬ ಗೊಬ್ಬರದ ವ್ಯಾಪಾರಿಯ ಬೆರಳಚ್ಚು ಇತ್ತು. ಅದೇ ತಿಂಗಳು ಬಂಧನವೂ ಆಯಿತು. 1964ರಲ್ಲಿ ಎರಡು ಬಾರಿ ವಿಚಾರಣೆ ನಡೆಯಿತು. ಎರಡು ಬಾರಿಯೂ ಜ್ಯೂರಿಯಲ್ಲಿ ಕುಳಿತವರು ಹನ್ನೆರಡು ಮಂದಿ ಬಿಳಿಯ ಗಂಡಸರು, ಎರಡು ಬಾರಿಯೂ ಒಮ್ಮತವಿಲ್ಲ. ಆರೋಪಿ ಆ ರಾತ್ರಿ ದೂರದ ತನ್ನೂರಿನಲ್ಲಿದ್ದ ಎಂದು ಪೊಲೀಸರೇ ಸಾಕ್ಷಿ ನುಡಿದರು. ಗವರ್ನರ್ ಪದವಿಯಿಂದ ಆಗಷ್ಟೇ ಇಳಿದಿದ್ದ ರಾಸ್ ಬಾರ್ನೆಟ್ ನ್ಯಾಯಾಲಯಕ್ಕೇ ಬಂದು ಆರೋಪಿಯ ಕೈ ಕುಲುಕಿದ. ಗಂಡನನ್ನು ಕಳೆದುಕೊಂಡವಳು ಆ ನ್ಯಾಯಾಲಯದಲ್ಲೇ ಸಾಕ್ಷಿ ಹೇಳಬೇಕಿತ್ತು.

ಇದಕ್ಕಿಂತ ದೊಡ್ಡ ಸಂಗತಿ 1989ರಲ್ಲಿ ಹೊರಬಂತು. ವರ್ಣಭೇದವನ್ನು ಕಾಪಾಡಲೆಂದೇ ಮಿಸಿಸಿಪ್ಪಿ ಸರಕಾರ 1956ರಲ್ಲಿ 'ಸಾವರಿನ್ಟಿ ಕಮಿಷನ್' ಎಂಬ ಸಂಸ್ಥೆಯನ್ನು ಹುಟ್ಟುಹಾಕಿತ್ತು. ಎರಡನೇ ವಿಚಾರಣೆಯ ಹೊತ್ತಿಗೆ ಜ್ಯೂರಿಗೆ ಬರಬಹುದಾದವರ ಜಾತಕ ಜಾಲಾಡಿ, ಆ ಮಾಹಿತಿಯನ್ನು ಆರೋಪಿಯ ವಕೀಲರಿಗೆ ಈ ಸಂಸ್ಥೆ ಗುಟ್ಟಾಗಿ ಒದಗಿಸಿತ್ತು. ಪತ್ರಕರ್ತ ಜೆರ್ರಿ ಮಿಚೆಲ್ ಇದನ್ನು ಬಯಲಿಗೆಳೆದರು. ಅಂದರೆ ಒಂದು ಕೈಯಿಂದ ಮೊಕದ್ದಮೆ ಹೂಡಿದ ಸರಕಾರ, ಇನ್ನೊಂದು ಕೈಯಿಂದ ಆರೋಪಿಯ ಬೆನ್ನು ತಟ್ಟುತ್ತಿತ್ತು. ಕಪ್ಪು ಜನರೂ ಕಟ್ಟಿದ ತೆರಿಗೆಯ ಹಣದಲ್ಲಿ ಈ ಕೆಲಸ ನಡೆಯಿತು! ಇದನ್ನು ನ್ಯಾಯ ತಡವಾಯಿತು ಎನ್ನುವುದು ಹೇಗೆ? ದಾರಿಗೆ ಅಡ್ಡ ಕಲ್ಲು ಎಳೆದವರನ್ನು ಬಿಟ್ಟು, ಗಾಡಿ ನಿಧಾನ ಬಂತು ಎಂದು ದೂರಿದ ಹಾಗಾಯಿತು.

ಈಗ ಚಿತ್ರಕ್ಕೆ ಬರೋಣ. ಅದು ಕೆಟ್ಟ ಚಿತ್ರವಲ್ಲ. ಬೆಕ್ವಿತ್‌ನ ಪಾತ್ರದಲ್ಲಿ ಜೇಮ್ಸ್ ವುಡ್ಸ್ ತೋರುವ ಪಶ್ಚಾತ್ತಾಪವಿಲ್ಲದ ನಗು ಮೈ ಕೊರೆಯುತ್ತದೆ. ಆದರೆ ಕಥೆ ಯಾರದು? 1994ರಲ್ಲಿ ಸರಕಾರದ ಪರ ವಾದಿಸಿದ ಬಿಳಿಯ ವಕೀಲ ಬಾಬಿ ಡಿಲಾಟರ್‌ನದು. ಅವನ ಮನೆಯ ಜಗಳ, ಅವನ ಮುರಿದ ಮದುವೆ, ಅವನಿಗೆ ಬಂದ ಬೆದರಿಕೆ, ಅವನ ಆತ್ಮಸಾಕ್ಷಿ. ವೂಪಿ ಗೋಲ್ಡ್‌ಬರ್ಗ್‌ರಂತಹ ನಟಿ ಮರ್ಲಿಯಾಗಿದ್ದರೂ ಅವಳ ಪಾಲಿಗೆ ಬರುವುದು ಕಾಯುವ ಕೆಲಸ.

ನಾನೂ ಕಥೆ ಬರೆಯುವವನು. ಯಾರ ಹೆಗಲ ಹಿಂದೆ ನಿಂತು ಕಥೆ ಹೇಳುತ್ತೇವೋ ಅವರ ನೋವೇ ಓದುಗನ ನೋವಾಗುತ್ತದೆ ಎಂಬುದು ನಮ್ಮ ಕಸುಬಿನ ಮೊದಲ ಪಾಠ. ಮರ್ಲಿ ಸುಮ್ಮನೆ ಕಾಯಲಿಲ್ಲ. ಮೂವರು ಮಕ್ಕಳನ್ನು ಸಾಕುತ್ತಾ, ಕ್ಯಾಲಿಫೋರ್ನಿಯಾದಲ್ಲಿದ್ದುಕೊಂಡೇ ಹಳೆಯ ಪ್ರಕರಣದ ಬೆನ್ನು ಬಿಡದೆ ಹಿಡಿದಳು. ಮೊದಲ ವಿಚಾರಣೆಯ ದಾಖಲೆಯ ಪ್ರತಿಯನ್ನು ಜೋಪಾನ ಮಾಡಿಟ್ಟವಳು ಅವಳೇ. ಆ ಪ್ರತಿ ಇಲ್ಲದಿದ್ದರೆ ಮೂರನೇ ವಿಚಾರಣೆ ನಡೆಸುವುದು ಬಲು ಕಷ್ಟವಾಗುತ್ತಿತ್ತು. ಕೊಲೆಗೆ ಬಳಸಿದ ರೈಫಲ್ ಎಲ್ಲಿತ್ತು ಗೊತ್ತೇ? ಡಿಲಾಟರ್‌ನ ಮಾವ, ಒಬ್ಬ ನ್ಯಾಯಾಧೀಶ, ಅದನ್ನು ನೆನಪಿನ ವಸ್ತುವೆಂಬಂತೆ ಮನೆಯಲ್ಲಿಟ್ಟುಕೊಂಡಿದ್ದ. ವಿಧವೆ ಕಾಗದವನ್ನು ಕಾಪಾಡಿದಳು, ನ್ಯಾಯಾಧೀಶ ಬಂದೂಕನ್ನು ಕಾಪಾಡಿದ! ಇಡೀ ಪ್ರಕರಣವೇ ಈ ಒಂದು ಹೋಲಿಕೆಯಲ್ಲಿದೆ.

'ವಾದಿಸಿದ್ದು ಬಿಳಿಯ ವಕೀಲನೇ ತಾನೇ? ಅವನ ಕಥೆ ಹೇಳಿದರೆ ತಪ್ಪೇನು?' ಎಂದು ಕೇಳಬಹುದು. ಅವನ ಧೈರ್ಯವನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ನ್ಯಾಯವೆಂಬುದು ಒಳ್ಳೆಯವನೊಬ್ಬನ ಉಪಕಾರ ಎಂಬ ಭಾವನೆ ಬೇರೂರಿದರೆ, ಹಕ್ಕಿನ ಮಾತು ಮರೆತುಹೋಗುತ್ತದೆ. ಅದೇ ಡಿಲಾಟರ್ ಮುಂದೆ ನ್ಯಾಯಾಧೀಶನಾಗಿ, ಎಫ್‌ಬಿಐಗೆ ಸುಳ್ಳು ಹೇಳಿದ ತಪ್ಪನ್ನು 2009ರಲ್ಲಿ ಒಪ್ಪಿಕೊಂಡು ಜೈಲಿಗೆ ಹೋದ. ಅವನನ್ನು ಹಳಿಯಲು ಇದನ್ನು ಹೇಳುತ್ತಿಲ್ಲ. ನ್ಯಾಯದ ಭಾರವನ್ನೆಲ್ಲ ಒಬ್ಬ ನಾಯಕನ ತಲೆಯ ಮೇಲಿಟ್ಟರೆ ಅದು ಎಷ್ಟು ದಿನ ನಿಂತೀತು?

1964ಕ್ಕೂ 1994ಕ್ಕೂ ನಡುವೆ ಬದಲಾದದ್ದೇನು? ಬೆಕ್ವಿತ್ ತಾನೇ ಕೊಂದೆನೆಂದು ಬೀಗಿದ್ದನ್ನು ಕೇಳಿದ ಹೊಸ ಸಾಕ್ಷಿಗಳು ಬಂದರು, ನಿಜ. ಆದರೆ ಬಂದೂಕು, ಬೆರಳಚ್ಚು ಅವೇ ಹಳೆಯವು. ಬದಲಾದದ್ದು ಜ್ಯೂರಿ. ಈ ಬಾರಿ ಎಂಟು ಮಂದಿ ಕಪ್ಪು ಜನ, ನಾಲ್ವರು ಬಿಳಿಯರು. ಜ್ಯೂರಿಗೆ ಜನರನ್ನು ಆರಿಸುವುದು ಮತದಾರರ ಪಟ್ಟಿಯಿಂದ. 1965ರ ಮತದಾನ ಹಕ್ಕು ಕಾಯ್ದೆಯ ನಂತರವೇ ಆ ಪಟ್ಟಿಯ ಬಾಗಿಲು ಕಪ್ಪು ಜನರಿಗೆ ನಿಜವಾಗಿ ತೆರೆದದ್ದು. ಎವರ್ಸ್ ಯಾವ ಕೆಲಸಕ್ಕಾಗಿ ಕೊಲೆಯಾದನೋ ಆ ಕೆಲಸವೇ ಕೊಲೆಗಾರನಿಗೆ ಶಿಕ್ಷೆ ಕೊಡಿಸಿತು. 1994ರ ಫೆಬ್ರವರಿ 5ರ ತೀರ್ಪಿನ ನಿಜವಾದ ನಾಯಕರು ಜೀವ ಪಣಕ್ಕಿಟ್ಟು ಹೆಸರು ನೋಂದಾಯಿಸಿಕೊಂಡ ಆ ಸಾವಿರಾರು ಬಡ ಜನ. ಚಿತ್ರದಲ್ಲಿ ಅವರು ಹಿನ್ನೆಲೆಯ ಮುಖಗಳಷ್ಟೇ.

ಜೀವಾವಧಿ ಶಿಕ್ಷೆಯಾದಾಗ ಬೆಕ್ವಿತ್‌ಗೆ 73 ವರ್ಷ. 2001ರಲ್ಲಿ ಸತ್ತ. ಎವರ್ಸ್‌ಗೆ ಸಿಗದ ಮುಪ್ಪು ಅವನಿಗೆ ಸಿಕ್ಕಿತು. 1955ರಲ್ಲಿ ಅದೇ ಮಿಸಿಸಿಪ್ಪಿಯಲ್ಲಿ ಕೊಲೆಯಾದ 14ರ ಹುಡುಗ ಎಮೆಟ್ ಟಿಲ್‌ಗೆ ಇಷ್ಟು ನ್ಯಾಯವೂ ದಕ್ಕಲಿಲ್ಲ. ಬಿಡುಗಡೆಯಾದ ಮೇಲೆ ಕೊಂದವರು ಪತ್ರಿಕೆಯಿಂದ ಹಣ ಪಡೆದು ತಪ್ಪೊಪ್ಪಿಕೊಂಡರು, ಶಿಕ್ಷೆಯಿಲ್ಲದೆ ಸತ್ತರು. ಅಲ್ಲಿ ಯಾವ ತಡವೂ ಮುಗಿಯಲೇ ಇಲ್ಲ.

ಆದ್ದರಿಂದ ಇಂಥ ತೀರ್ಪು ಬಂದಾಗ ಚಪ್ಪಾಳೆ ತಟ್ಟುವ ಮೊದಲು ಒಂದು ಲೆಕ್ಕ ಕೇಳಬೇಕು: ತಡೆದವರಾರು, ಅವರ ಹೆಸರು ತೀರ್ಪಿನಲ್ಲಿದೆಯೇ? ಮನುಷ್ಯರ ನ್ಯಾಯಾಲಯದಲ್ಲಿ ದೇರ್ ಬೇರೆ, ಅಂಧೇರ್ ಬೇರೆ ಅಲ್ಲ. ಆ ಮೂವತ್ತು ವರ್ಷಗಳೇ ಕತ್ತಲೆ. ಆ ಕತ್ತಲೆಯನ್ನು ಕವಿಸಿದವರಿಗೆ ಸಂಬಳ ಕೊಟ್ಟದ್ದು ಸರಕಾರ.